ಹಿಮ ಬೀಳದ ಊರಲ್ಲಿ ಬೆಳ್ಳಗಿನ ಮರಗಳು: ಚಳಿಗಾಲದ ರಜೆಗೆ ಇನ್‌ಫ್ರಾರೆಡ್ ಫೋಟೋಗ್ರಫಿ

ಡಿಸೆಂಬರ್ ಬಂತೆಂದರೆ ದುಬೈ, ದೋಹಾ, ಮಸ್ಕತ್, ಕುವೈತ್ ಕಡೆಯಿಂದ ಮಂಗಳೂರಿಗೆ ಹೊರಡುವ ವಿಮಾನಗಳು ಭರ್ತಿ. ಊರಿಗೆ ಇಳಿದ ಕೂಡಲೇ ಕೇಳುವ ಮೊದಲ ಪ್ರಶ್ನೆ, "ಯಾವಾಗ ಬಂದದ್ದು?" ಅದಕ್ಕೆ ಉತ್ತರ ಕೊಡುವ ಮೊದಲೇ ಎರಡನೆಯದು, "ವಾಪಸ್ ಯಾವಾಗ?" ಮಧ್ಯದ ಮೂವತ್ತು ದಿನದಲ್ಲಿ ಮದುವೆ, ಗೃಹಪ್ರವೇಶ, ಬ್ಯಾಂಕು, ಆಧಾರ್, ಅಪ್ಪನ ಕಣ್ಣಿನ ಆಪರೇಷನ್, ಮಾಡಿನ ಹಂಚು ಬದಲಿಸುವುದು, ಎಲ್ಲವೂ ಮುಗಿಯಬೇಕು. ಊರನ್ನು ಸುಮ್ಮನೆ ನಡೆದು ನೋಡಲು ಸಿಗುವುದು ಹೆಚ್ಚೆಂದರೆ ಒಂದೆರಡು ಬೆಳಗ್ಗೆ.

ಆ ಒಂದು ಬೆಳಗಿನ ನಡಿಗೆಯಲ್ಲಿ ಮಾಡಬಹುದಾದ ಒಂದು ಹವ್ಯಾಸ ಇನ್‌ಫ್ರಾರೆಡ್ ಫೋಟೋಗ್ರಫಿ. ಕನ್ನಡದಲ್ಲಿ ಅವಕೆಂಪು ಅಥವಾ ಅವಗೆಂಪು ಎಂದು ಕರೆಯುವ, ಕಣ್ಣಿಗೆ ಕಾಣದ ಬೆಳಕಿನಲ್ಲಿ ತೆಗೆಯುವ ಫೋಟೋ ಇದು. ಇದರಲ್ಲಿ ತೆಂಗು, ಅಡಿಕೆ, ಹಲಸು, ಮಾವು ಎಲ್ಲವೂ ಬೆಳ್ಳಗೆ ಹೊಳೆಯುತ್ತವೆ. ಆಕಾಶ ಮತ್ತು ಕೆರೆಯ ನೀರು ಕಪ್ಪಾಗುತ್ತವೆ. ಇಂಥ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದರೆ, "ಎಂತ ಮಾರ್ರೆ, ಊರಲ್ಲಿ ಹಿಮ ಬಿದ್ದಿದೆಯಾ?" ಎಂಬ ಪ್ರಶ್ನೆ ಬಂದೇ ಬರ್ತದೆ. ಹಿಮ ಅಲ್ಲ, ಅದು ಹಸಿರು ಎಲೆ.

ನೋಡಲು ಚಂದ ಎಂಬುದಷ್ಟೇ ಇದರ ಉಪಯೋಗವಲ್ಲ. ಎಲ್ಲಿ ಹಸಿರು ಉಂಟು, ಎಲ್ಲಿ ಕಲ್ಲು, ಡಾಂಬರು, ನೀರು ಉಂಟು ಎಂಬುದನ್ನು ಈ ಚಿತ್ರ ಬಿಳಿ-ಕಪ್ಪಿನಲ್ಲಿ ಬೇರ್ಪಡಿಸಿ ತೋರಿಸುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುವವರಿಗೆ ಊರಲ್ಲಿ ಏನು ಉಳಿದಿದೆ, ಏನು ಹೋಗಿದೆ ಎಂದು ಲೆಕ್ಕ ಇಡಲು ಇದೊಂದು ಒಳ್ಳೆಯ ದಾರಿ.

ಏನಿದು ಇನ್‌ಫ್ರಾರೆಡ್?

ಮನುಷ್ಯನ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು. ನೇರಳೆಯಿಂದ ಕೆಂಪಿನವರೆಗೆ. ಕೆಂಪು ಮುಗಿದ ಮೇಲೂ ಬೆಳಕು ಉಂಟು, ಕಣ್ಣಿಗೆ ಗೊತ್ತಾಗುವುದಿಲ್ಲ ಅಷ್ಟೇ. ಇದನ್ನು ಮೊದಲು ಗುರುತಿಸಿದವರು ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್, 1800ರಲ್ಲಿ. ಗಾಜಿನ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲಿ ಥರ್ಮಾಮೀಟರ್ ಇಟ್ಟು ನೋಡುವಾಗ, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲೂ ಪಾದರಸ ಏರಿತು.

ಈ ಬೆಳಕಿನಲ್ಲಿ ತೆಗೆದ ಭೂದೃಶ್ಯಗಳನ್ನು 1910ರಲ್ಲಿ ಪ್ರಕಟಿಸಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್. ಎಲೆಗಳು ಬೆಳ್ಳಗೆ ಕಾಣುವ ಗುಣಕ್ಕೆ ಇಂದಿಗೂ 'ವುಡ್ ಎಫೆಕ್ಟ್' ಎಂದೇ ಹೆಸರು. ಇಲ್ಲಿ ವುಡ್ ಅಂದ್ರೆ ಮರ ಅಲ್ಲ, ಆ ವಿಜ್ಞಾನಿಯ ಹೆಸರು.

ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳಬೇಕು. ಕೊರೋನಾ ಸಮಯದಲ್ಲಿ ವಿಮಾನ ನಿಲ್ದಾಣಗಳಲ್ಲಿ ಜ್ವರ ನೋಡಲು ಇಟ್ಟಿದ್ದ ಥರ್ಮಲ್ ಕ್ಯಾಮೆರಾ ಬೇರೆ, ಇದು ಬೇರೆ. ಥರ್ಮಲ್ ಕ್ಯಾಮೆರಾ ನೋಡುವುದು ವಸ್ತುವಿನಿಂದ ಹೊರಡುವ ಶಾಖವನ್ನು. ಅದರ ತರಂಗಾಂತರ ಇದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಉದ್ದ. ಇಲ್ಲಿ ಹೇಳುತ್ತಿರುವುದು ಕೆಂಪಿಗೆ ತಾಗಿಕೊಂಡಿರುವ 'ಸಮೀಪದ' ಇನ್‌ಫ್ರಾರೆಡ್. ಬಿಸಿಲು ವಸ್ತುವಿನ ಮೇಲೆ ಬಿದ್ದು ವಾಪಸ್ ಬರುವ ಬೆಳಕು ಅದು. ಹಾಗಾಗಿ ಬಿಸಿಲು ಬೇಕೇ ಬೇಕು.

ಎಲೆ ಬಿಳಿ, ನೀರು ಕಪ್ಪು. ಯಾಕೆ?

ಎಲೆಯ ಹಸಿರು ಬಣ್ಣಕ್ಕೆ ಕಾರಣ ಪತ್ರಹರಿತ್ತು. ಅದು ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಂಡು ಆಹಾರ ತಯಾರಿಗೆ ಬಳಸುತ್ತದೆ. ಇನ್‌ಫ್ರಾರೆಡ್ ಬೆಳಕನ್ನು ಮಾತ್ರ ಅದು ಹೀರುವುದಿಲ್ಲ, ಒಳಗೆ ಬಿಡುತ್ತದೆ. ಎಲೆಯೊಳಗೆ ಜೀವಕೋಶಗಳು, ಅವುಗಳ ನಡುವೆ ಗಾಳಿಯ ಸಣ್ಣ ಸಣ್ಣ ಜಾಗಗಳು. ಒಳ ಹೋದ ಬೆಳಕು ಅಲ್ಲಿ ಗೋಡೆಯಿಂದ ಗೋಡೆಗೆ ಬಡಿದು ಚದುರಿ, ಹೆಚ್ಚುಕಮ್ಮಿ ಅರ್ಧದಷ್ಟು ವಾಪಸ್ ಹೊರಗೆ ಬರುತ್ತದೆ. ಪುಡಿ ಮಾಡಿದ ಐಸ್ ಬೆಳ್ಳಗೆ ಕಾಣುವುದೂ ಇದೇ ರೀತಿಯಲ್ಲಿ.

ನೀರು ಇದಕ್ಕೆ ತದ್ವಿರುದ್ಧ, ಇನ್‌ಫ್ರಾರೆಡ್ಡನ್ನು ಹೀರಿಬಿಡುತ್ತದೆ. ಕೆರೆ, ಬಾವಿ, ಹೊಳೆ ಎಲ್ಲವೂ ಕಪ್ಪು. ದಡದ ಮರದ ಪ್ರತಿಬಿಂಬ ಮಾತ್ರ ಬೆಳ್ಳಗೆ ಬೀಳುತ್ತದೆ. ಶುಭ್ರ ಆಕಾಶದಲ್ಲಿ ಗಾಳಿಯಿಂದ ಚದುರುವ ಬೆಳಕಿನಲ್ಲಿ ನೀಲಿ ಜಾಸ್ತಿ, ಇನ್‌ಫ್ರಾರೆಡ್ ತೀರಾ ಕಡಿಮೆ. ಆದ್ದರಿಂದ ಆಕಾಶ ಕಪ್ಪಾಗಿ, ಅದರ ಮೇಲೆ ಮೋಡಗಳು ಎದ್ದು ಕಾಣುತ್ತವೆ. ದೂರದ ಬೆಟ್ಟವನ್ನು ಮಸುಕು ಮಾಡುವ ತೆಳು ನೀಲಿ ಮಬ್ಬನ್ನೂ ಈ ಬೆಳಕು ಸುಮಾರಾಗಿ ದಾಟಿ ಬರುತ್ತದೆ. ಬೆಳಗಿನ ದಟ್ಟ ಮಂಜನ್ನು ದಾಟುವುದಿಲ್ಲ; ಮಂಜಿನ ಹನಿಗಳು ಅದಕ್ಕೆ ತುಂಬ ದೊಡ್ಡವು.

ಕರಾವಳಿಯ ಚಳಿಗಾಲವೇ ಯಾಕೆ ಒಳ್ಳೆಯದು?

ಯುರೋಪ್, ಅಮೆರಿಕದ ಫೋಟೋಗ್ರಾಫರ್‌ಗಳಿಗೆ ಇನ್‌ಫ್ರಾರೆಡ್ ಬೇಸಿಗೆಯ ಹವ್ಯಾಸ. ಚಳಿಗಾಲದಲ್ಲಿ ಅಲ್ಲಿನ ಹೆಚ್ಚಿನ ಮರಗಳಲ್ಲಿ ಎಲೆಯೇ ಇರುವುದಿಲ್ಲ. ಕರಾವಳಿ ಕರ್ನಾಟಕದಲ್ಲಿ ಲೆಕ್ಕ ಉಲ್ಟಾ. ಮಳೆಗಾಲದಲ್ಲಿ ಹಸಿರು ಬೇಕಾದಷ್ಟು ಉಂಟು, ಬಿಸಿಲಿಲ್ಲ. ಏಪ್ರಿಲ್-ಮೇಯಲ್ಲಿ ಬಿಸಿಲು ಉಂಟು, ಹುಲ್ಲು ಒಣಗಿ ಆಕಾಶ ಸೆಕೆಯಿಂದ ಮಸುಕಾಗಿರುತ್ತದೆ. ಡಿಸೆಂಬರ್-ಜನವರಿಯಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ: ಶುಭ್ರ ಆಕಾಶ, ಒಣ ಗಾಳಿ, ಇನ್ನೂ ಆರದ ಹಸಿರು.

ಸೂರ್ಯನ ಕೋನವೂ ಸಹಾಯಕ್ಕೆ ಬರುತ್ತದೆ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ನೆತ್ತಿಯ ಮೇಲೆ ಇರುವ ಸೂರ್ಯ, ಡಿಸೆಂಬರ್ 21ರ ಸುಮಾರಿಗೆ ಕಾರ್ಕಳದಂಥ ಊರಿನಲ್ಲಿ ಮಧ್ಯಾಹ್ನ 12.30ಕ್ಕೂ ಸುಮಾರು 53 ಡಿಗ್ರಿ ಎತ್ತರದಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ. ಇಡೀ ದಿನ ವಸ್ತುಗಳಿಗೆ ನೆರಳು ಇರುತ್ತದೆ, ಕಲ್ಲಿನ ಕೆತ್ತನೆ ಎದ್ದು ಕಾಣುತ್ತದೆ. ಮಾಮೂಲಿ ಫೋಟೋಗೆ ಬೇಡವೆನ್ನುವ ಹತ್ತರಿಂದ ಮೂರು ಗಂಟೆಯ ಬಿಸಿಲೇ ಇನ್‌ಫ್ರಾರೆಡ್‌ಗೆ ಒಳ್ಳೆಯ ಹೊತ್ತು. ಬೆಳಗ್ಗೆ ಬ್ಯಾಂಕಿನ ಕೆಲಸ ಮುಗಿಸಿ ಹೊರಟರೂ ತಡವಾಗಲಿಲ್ಲ.

ಯಾವ ಕ್ಯಾಮೆರಾ? ಯಾವ ಫಿಲ್ಟರ್?

ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಸಿಲಿಕಾನಿನದು. ಅದಕ್ಕೆ ಸುಮಾರು 1,100 ನ್ಯಾನೋಮೀಟರ್‌ವರೆಗೂ ಬೆಳಕು ಗೊತ್ತಾಗುತ್ತದೆ. ಮಾಮೂಲಿ ಫೋಟೋದ ಬಣ್ಣ ಕೆಡಬಾರದೆಂದು ಕಂಪನಿಗಳು ಸೆನ್ಸರ್‌ನ ಮುಂದೆ ಇನ್‌ಫ್ರಾರೆಡ್ ತಡೆಯುವ ಗಾಜು ಕೂರಿಸಿರುತ್ತವೆ. ಈ ತಡೆ ಕೆಲವು ಕ್ಯಾಮೆರಾಗಳಲ್ಲಿ ಬಲವಾಗಿರುತ್ತದೆ, ಕೆಲವದರಲ್ಲಿ ಸಡಿಲ. ಹಳೆಯ ನಿಕಾನ್ ಡಿ70, ಲೈಕಾ ಎಂ8 ತಡೆ ಕಡಿಮೆ ಇರುವುದಕ್ಕೆ ಹೆಸರಾದವು.

ಕೈಯಲ್ಲಿರುವ ಕ್ಯಾಮೆರಾ ಹೇಗೆ ಎಂದು ನೋಡಲು ಟಿವಿ ಅಥವಾ ಎಸಿ ರಿಮೋಟ್ ಸಾಕು. ಕತ್ತಲ ಕೋಣೆಯಲ್ಲಿ ರಿಮೋಟಿನ ತುದಿಯನ್ನು ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಬೇಕು. ಪರದೆಯಲ್ಲಿ ನೇರಳೆ ಅಥವಾ ಬಿಳಿ ಚುಕ್ಕೆ ಮಿನುಗಿದರೆ ಆ ಕ್ಯಾಮೆರಾಕ್ಕೆ ಇನ್‌ಫ್ರಾರೆಡ್ ಸ್ವಲ್ಪವಾದರೂ ಕಾಣುತ್ತದೆ ಎಂದರ್ಥ. ಮೊಬೈಲಿನಲ್ಲಿ ಹಿಂದಿನ ಕ್ಯಾಮೆರಾಕ್ಕಿಂತ ಸೆಲ್ಫಿ ಕ್ಯಾಮೆರಾದಲ್ಲಿ ಕಾಣುವ ಸಾಧ್ಯತೆ ಹೆಚ್ಚು.

ಮುಂದೆ ಎರಡು ದಾರಿ ಉಂಟು.

ಮೊದಲನೆಯದು, ಲೆನ್ಸ್ ಮುಂದೆ ತಿರುಗಿಸಿ ಹಾಕುವ ಫಿಲ್ಟರ್. ಹೊಸಬರಿಗೆ 720 ನ್ಯಾನೋಮೀಟರಿನದು ಸರಿ. ಹೋಯಾ ಕಂಪನಿಯ ಆರ್72 ಇದೇ ಜಾತಿಯದು. 850 ಎಂದು ಬರೆದದ್ದು ಬರೀ ಕಪ್ಪು-ಬಿಳುಪಿಗೆ. ಕೊಳ್ಳುವ ಮೊದಲು ಲೆನ್ಸ್ ಮೇಲೆ ಬರೆದಿರುವ ಫಿಲ್ಟರ್ ಅಳತೆ (52, 58, 67 ಮಿ.ಮೀ. ಹೀಗೆ) ನೋಡಿಕೊಳ್ಳಬೇಕು. ಈ ದಾರಿಯಲ್ಲಿ ಖರ್ಚು ಕಡಿಮೆ, ತಾಳ್ಮೆ ಜಾಸ್ತಿ ಬೇಕು. ಒಳಗಿನ ತಡೆ ಗಾಜು ಹಾಗೇ ಇರುವುದರಿಂದ ಒಳ್ಳೆಯ ಬಿಸಿಲಿನಲ್ಲೂ ಒಂದು ಫೋಟೋಗೆ ಹಲವು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷ ಹಿಡಿಯುತ್ತದೆ. ಟ್ರೈಪಾಡ್ ಇಲ್ದಿದ್ರೆ ಆಗುವುದಿಲ್ಲ.

ಎರಡನೆಯದು, ಮನೆಯಲ್ಲಿ ಬಿದ್ದಿರುವ ಹಳೆಯ ಕ್ಯಾಮೆರಾವನ್ನು ತಿಳಿದವರ ಕೈಯಲ್ಲಿ ಬದಲಾಯಿಸಿಕೊಳ್ಳುವುದು. ಸೆನ್ಸರ್ ಮುಂದಿನ ತಡೆ ಗಾಜು ತೆಗೆದು, ಅಲ್ಲಿಗೇ ಇನ್‌ಫ್ರಾರೆಡ್ ಫಿಲ್ಟರ್ ಕೂರಿಸುತ್ತಾರೆ. ಆಮೇಲೆ ಕೈಯಲ್ಲಿ ಹಿಡಿದೇ ಮಾಮೂಲಿ ವೇಗದಲ್ಲಿ ಫೋಟೋ ತೆಗೆಯಬಹುದು. ಆದರೆ ಆ ಕ್ಯಾಮೆರಾ ಮತ್ತೆ ಸಾಮಾನ್ಯ ಫೋಟೋಗೆ ಸಿಗುವುದಿಲ್ಲ. ಯೂಟ್ಯೂಬ್ ನೋಡಿ ರೂಮಿನಲ್ಲೇ ಬಿಚ್ಚುವ ಸಾಹಸ ಬೇಡ. ಬ್ಯಾಟರಿ ತೆಗೆದ ಮೇಲೂ ಫ್ಲ್ಯಾಶ್‌ನ ಕೆಪಾಸಿಟರ್‌ನಲ್ಲಿ ಜೋರಾಗಿ ಹೊಡೆಯುವಷ್ಟು ಕರೆಂಟ್ ನಿಂತಿರುತ್ತದೆ.

ಕಣ್ಣಿಗೆ ಅಪಾಯ, ಎಚ್ಚರ!

ಈ ಫಿಲ್ಟರ್ ನೋಡಲು ಕಪ್ಪು ಗಾಜಿನ ಹಾಗೆ ಇರುತ್ತದೆ. ಮಕ್ಕಳು ಇದನ್ನು ಗ್ರಹಣದ ಕನ್ನಡಕ ಎಂದುಕೊಂಡು ಸೂರ್ಯನ ಕಡೆ ಹಿಡಿಯಬಹುದು. ಇದು ಕಾಣುವ ಬೆಳಕನ್ನು ತಡೆದು, ಕಾಣದ ಇನ್‌ಫ್ರಾರೆಡ್ಡನ್ನು ಪೂರ್ತಿ ಒಳಬಿಡುವ ಗಾಜು. ಪ್ರಖರತೆ ಗೊತ್ತಾಗದ ಕಾರಣ ಕಣ್ಣು ಮುಚ್ಚಿಕೊಳ್ಳಬೇಕೆಂದೂ ಅನಿಸುವುದಿಲ್ಲ, ಒಳಗೆ ಅಕ್ಷಿಪಟಲ ಸುಟ್ಟುಹೋಗಬಹುದು. ಈ ಫಿಲ್ಟರ್ ಮೂಲಕ ಯಾರೂ ಸೂರ್ಯನನ್ನು ನೋಡಬಾರದು. ಮನೆಗೆ ತಂದ ದಿನವೇ ಮಕ್ಕಳಿಗೆ ಇದನ್ನು ಹೇಳಿ, ಡಬ್ಬಿಯೊಳಗೆ ಇಡಬೇಕು.

ರಜೆಗೆ ಮೊದಲು ಗಲ್ಫ್‌ನಲ್ಲೇ ಅಭ್ಯಾಸ

ಊರಲ್ಲಿ ಸಿಗುವ ಒಂದು ಬೆಳಗ್ಗೆಯನ್ನು ಫಿಲ್ಟರ್ ಹೇಗೆ ಹಾಕುವುದೆಂದು ಕಲಿಯುವುದರಲ್ಲಿ ಕಳೆಯಬಾರದು. ರಜೆಗೆ ತಿಂಗಳು ಮೊದಲೇ, ವಾರದ ರಜೆಯ ದಿನ ಹತ್ತಿರದ ಪಾರ್ಕಿನಲ್ಲಿ ಅಭ್ಯಾಸ ಮಾಡಬಹುದು. ಖರ್ಜೂರದ ಮರ, ನೀರು ಹಾಯಿಸಿದ ಹುಲ್ಲುಹಾಸು ಎರಡೂ ಚೆನ್ನಾಗಿ ಹೊಳೆಯುತ್ತವೆ. ಮರಳು ಕೂಡ ಬೆಳ್ಳಗೇ ಬರುವುದರಿಂದ ಎಲೆಗೂ ನೆಲಕ್ಕೂ ಊರಿನಷ್ಟು ವ್ಯತ್ಯಾಸ ಕಾಣುವುದಿಲ್ಲ. ಧೂಳು ಎದ್ದ ದಿನ ಆಕಾಶವೂ ಕಪ್ಪಾಗುವುದಿಲ್ಲ. ಇದನ್ನು ನೋಡಿ ಫಿಲ್ಟರ್ ಹಾಳೆಂದು ತಿಳಿಯಬಾರದು.

ಸರ್ಕಾರಿ ಕಟ್ಟಡ, ಸೇನೆಯ ಜಾಗ, ವಿಮಾನ ನಿಲ್ದಾಣ, ಬಂದರು, ತೈಲ ಘಟಕಗಳ ಕಡೆ ಕ್ಯಾಮೆರಾ ತಿರುಗಿಸಬಾರದು. ಅಪರಿಚಿತರು, ಅದರಲ್ಲೂ ಹೆಂಗಸರು-ಮಕ್ಕಳು ಚೌಕಟ್ಟಿನೊಳಗೆ ಬರದಂತೆ ನೋಡಿಕೊಳ್ಳಬೇಕು. ಟ್ರೈಪಾಡ್ ಇಟ್ಟು ನಿಂತವರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಪಾರ್ಕಿನ ಸೆಕ್ಯುರಿಟಿಯವರನ್ನು ಮೊದಲೇ ಕೇಳಿಕೊಂಡರೆ ಒಳ್ಳೆಯದು.

ಹೊರಡುವಾಗ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ. ಹೊಸ ಕ್ಯಾಮೆರಾ ಒಯ್ಯುವವರು ಬಿಲ್ ಜೊತೆಗಿಟ್ಟುಕೊಂಡು, ಆ ಹೊತ್ತಿಗೆ ಕಸ್ಟಮ್ಸ್ ಮಿತಿ ಎಷ್ಟೆಂದು ನೋಡಿಕೊಂಡೇ ಹೊರಡಬೇಕು.

ಒಂದು ಊರು, ಒಂದು ನಡಿಗೆ: ಕಾರ್ಕಳ

ಯಾವ ಊರಾದರೂ ಆದೀತು. ಉದಾಹರಣೆಗೆ ಉಡುಪಿ ಜಿಲ್ಲೆಯ ಕಾರ್ಕಳವನ್ನು ತೆಗೆದುಕೊಳ್ಳಬಹುದು. ಮಂಗಳೂರಿನಿಂದ ಸುಮಾರು 50 ಕಿ.ಮೀ. ಇನ್‌ಫ್ರಾರೆಡ್‌ಗೆ ಬೇಕಾದ ಬಂಡೆ, ನೀರು, ಮರ ಮೂರೂ ಇಲ್ಲಿ ಒಂದೇ ದಿನದ ನಡಿಗೆಯಲ್ಲಿ ಸಿಗುತ್ತವೆ. ಊರಿಗೆ ಹೆಸರು ಬಂದದ್ದೇ ಕರಿಕಲ್ಲಿನಿಂದ ಎಂಬ ಮಾತುಂಟು.

ಮೊದಲು ಗೊಮ್ಮಟ ಬೆಟ್ಟ. ಬೋಳು ಬಂಡೆಯ ಮೇಲೆ ಸುಮಾರು 42 ಅಡಿ ಎತ್ತರದ ಬಾಹುಬಲಿ, 1432ರಲ್ಲಿ ವೀರಪಾಂಡ್ಯನ ಕಾಲದಲ್ಲಿ ಪ್ರತಿಷ್ಠೆಯಾದ ಏಕಶಿಲಾ ಮೂರ್ತಿ. ಇನ್‌ಫ್ರಾರೆಡ್‌ನಲ್ಲಿ ಬಂಡೆಯೂ ಮೂರ್ತಿಯೂ ಬೂದು ಬಣ್ಣದಲ್ಲಿ ನಿಲ್ಲುತ್ತವೆ, ಬೆಟ್ಟದ ಕೆಳಗಿನ ಮರಗಳು ಮಾತ್ರ ಬೆಳ್ಳಗೆ. ಬೆಟ್ಟದಿಂದ ಪೂರ್ವಕ್ಕೆ ತಿರುಗಿದರೆ ಪಶ್ಚಿಮಘಟ್ಟದ ಸಾಲು. ಬೆಳಗ್ಗೆ ಕಣ್ಣಿಗೆ ಬರೀ ನೀಲಿ ಗೆರೆಯಂತೆ ಕಾಣುವ ಘಟ್ಟ, ಮಂಜು ಕರಗಿದ ಮೇಲೆ ಇನ್‌ಫ್ರಾರೆಡ್‌ನಲ್ಲಿ ಮಡಿಕೆ ಮಡಿಕೆಯಾಗಿ ಕಾಣುತ್ತದೆ. ಬರಿಗಣ್ಣಿಗೂ ಕ್ಯಾಮೆರಾಕ್ಕೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತಾಗುವ ಜಾಗ ಇದು.

ಎದುರಿಗೇ ಚತುರ್ಮುಖ ಬಸದಿ, 1586ರದ್ದು. ನಾಲ್ಕು ದಿಕ್ಕಿಗೂ ಒಂದೇ ತೆರನ ಬಾಗಿಲು, ಸುತ್ತಲೂ ಕಲ್ಲಿನ ಕಂಬಗಳು. ಉತ್ತರದ ಆಕಾಶ ಹಿನ್ನೆಲೆಯಾಗುವಂತೆ ನಿಂತರೆ ಆಕಾಶ ಅತಿ ಕಪ್ಪಾಗಿ ಬರುತ್ತದೆ, ಚಳಿಗಾಲದಲ್ಲಿ ಸೂರ್ಯ ದಕ್ಷಿಣದಲ್ಲಿ ಬೆನ್ನ ಹಿಂದೆ ಇರುವುದರಿಂದ. ಬೆಟ್ಟವೂ ಬಸದಿಯೂ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಟ್ರೈಪಾಡ್ ಇಡುವುದಾದರೆ ಮೊದಲೇ ಅನುಮತಿ ಕೇಳಬೇಕು. ಬಸದಿಯ ಗರ್ಭಗುಡಿಯತ್ತ ಕ್ಯಾಮೆರಾ ಹಿಡಿಯುವ ಮೊದಲು ಅಲ್ಲಿನವರನ್ನು ಕೇಳಿಯೇ ಹಿಡಿಯಬೇಕು.

ಅಲ್ಲಿಂದ ಆನೆಕೆರೆ. ರಾಜರ ಆನೆಗಳು ನೀರಿಗಿಳಿಯುತ್ತಿದ್ದ ಕೆರೆ ಎಂದು ಊರವರು ಹೇಳುತ್ತಾರೆ. ಕೆರೆಯ ನಡುವೆ ಬಸದಿ. ಇನ್‌ಫ್ರಾರೆಡ್‌ನಲ್ಲಿ ನೀರು ಕಪ್ಪಾಗಿ, ದಡದ ಮರಗಳ ಪ್ರತಿಬಿಂಬ ಬೆಳ್ಳಗೆ ಬೀಳುವುದರಿಂದ ನಡುವಿನ ಬಸದಿ ಎರಡರ ಮಧ್ಯೆ ತೇಲಿದಂತಿರುತ್ತದೆ. ಗಾಳಿ ಏಳುವ ಮೊದಲೇ ಇಲ್ಲಿ ಫೋಟೋ ತೆಗೆಯಬೇಕು. ಹೊತ್ತು ಏರಿದಂತೆ ಸಮುದ್ರದ ಕಡೆಯಿಂದ ಗಾಳಿ ಬಂದು ನೀರು ಕದಡುತ್ತದೆ, ತೆಂಗಿನ ಗರಿ ಅಲುಗಾಡಿ ಮಸುಕಾಗುತ್ತದೆ. ಫಿಲ್ಟರ್ ಹಾಕಿ ಹತ್ತಿಪ್ಪತ್ತು ಸೆಕೆಂಡು ತೆರೆದಿಡುವವರು ಬೆಳಗ್ಗೆ ಮೊದಲು ಕೆರೆಗೆ ಹೋಗಿ, ಆಮೇಲೆ ಬೆಟ್ಟ ಹತ್ತುವುದು ವಾಸಿ.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು, ಮನೆಯ ಸುತ್ತಿನ ದಾರಿ. ಮಳೆಗಾಲದ ಬೆಳೆ ಕೊಯ್ದ ಗದ್ದೆಯಲ್ಲಿ ಉಳಿದ ಕೂಳೆ ಮಂಕು ಬೂದು. ಪಕ್ಕದಲ್ಲಿ ಸುಗ್ಗಿ ನಾಟಿ ಮಾಡಿದ ಗದ್ದೆ ಇದ್ದರೆ ಅದು ಬೆಳ್ಳಗೆ. ಎಲೆ ಉದುರಿಸಿ ನಿಂತ ದೇವಕಣಗಿಲೆಯ ಬೋಳು ಕೊಂಬೆ, ಹಿಂದಿನ ಬಿಳಿ ಹಲಸಿನ ಮುಂದೆ ಗೆರೆ ಎಳೆದಂತೆ ಕಾಣುತ್ತದೆ. ಅಡಿಕೆ ತೋಟದೊಳಗೆ ಬಿಸಿಲು ಕಡಿಮೆ, ಆದರೂ ಎಲೆಯಿಂದ ಎಲೆಗೆ ಚದುರಿದ ಇನ್‌ಫ್ರಾರೆಡ್ ಬೆಳಕು ಒಳಗೆಲ್ಲ ಹರಡಿರುತ್ತದೆ. ಬೇರೆಯವರ ತೋಟವಾದರೆ ಕೇಳಿಯೇ ಹೋಗಬೇಕು, ಊರವರೇ ಆದರೂ.

ತೆಗೆಯುವ ಕ್ರಮ

ಬದಲಾಯಿಸದ ಕ್ಯಾಮೆರಾ ಮತ್ತು ಫಿಲ್ಟರ್ ಇರುವವರಿಗೆ ಕ್ರಮ ಹೀಗೆ:

1. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, ಫಿಲ್ಟರ್ ಇಲ್ಲದೆ ಚೌಕಟ್ಟು ಹೊಂದಿಸಬೇಕು. ಫಿಲ್ಟರ್ ಹಾಕಿದ ಮೇಲೆ ವ್ಯೂಫೈಂಡರ್‌ನಲ್ಲಿ ಏನೂ ಕಾಣುವುದಿಲ್ಲ.

2. ಫೋಕಸ್ ಮಾಡಿ, ಆಮೇಲೆ ಆಟೋಫೋಕಸ್ ಆಫ್ ಮಾಡಬೇಕು. ಇನ್‌ಫ್ರಾರೆಡ್ ಸ್ವಲ್ಪ ಬೇರೆ ಜಾಗದಲ್ಲಿ ಫೋಕಸ್ ಆಗುತ್ತದೆ. ಹಳೆಯ ಲೆನ್ಸ್‌ಗಳಲ್ಲಿ ಇದಕ್ಕೆಂದೇ ಕೆಂಪು ಗುರುತು ಇರುತ್ತದೆ. ಗುರುತು ಇಲ್ಲದಿದ್ದರೆ ಎಫ್8 ಇಟ್ಟರೆ ಹೆಚ್ಚಿನ ತಪ್ಪು ಮುಚ್ಚಿಹೋಗುತ್ತದೆ.

3. ಫಿಲ್ಟರನ್ನು ಮೆಲ್ಲಗೆ ತಿರುಗಿಸಿ ಹಾಕಬೇಕು, ಫೋಕಸ್ ಉಂಗುರ ಅಲುಗಾಡಬಾರದು.

4. ಐಎಸ್‌ಒ 200ರಿಂದ 400. ಹತ್ತು ಸೆಕೆಂಡಿನಿಂದ ಶುರು ಮಾಡಿ, ಕತ್ತಲಾದರೆ ಇಪ್ಪತ್ತು, ಮೂವತ್ತಕ್ಕೆ ಏರಿಸಬೇಕು. ಎಸ್‌ಎಲ್‌ಆರ್ ಕ್ಯಾಮೆರಾ ಆದರೆ ವ್ಯೂಫೈಂಡರ್‌ಗೆ ಕಪ್ಪು ಬಟ್ಟೆ ಮುಚ್ಚಬೇಕು, ಹಿಂದಿನಿಂದ ಬೆಳಕು ನುಸುಳುತ್ತದೆ.

5. ಎರಡು ಸೆಕೆಂಡಿನ ಟೈಮರ್ ಇಟ್ಟು ಬಟನ್ ಒತ್ತಬೇಕು. ಕೈ ತಾಗಿದ ಅಲುಗಾಟ ತಪ್ಪುತ್ತದೆ.

6. 'ರಾ' ಫೈಲ್ ಆಗಿಯೇ ಉಳಿಸಬೇಕು. ಜೆಪೆಗ್‌ನಲ್ಲಿ ಬರೀ ಕೆಂಪು ಬಂದು, ಸರಿ ಮಾಡಲು ಜಾಗ ಇರುವುದಿಲ್ಲ.

7. ಬಿಸಿಲು ಬಿದ್ದ ಹಸಿರು ಎಲೆ ಅಥವಾ ಹುಲ್ಲಿಗೆ ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿಕೊಂಡರೆ ಕ್ಯಾಮೆರಾದ ಪರದೆಯಲ್ಲೇ ಸುಮಾರು ಅಂದಾಜು ಸಿಗುತ್ತದೆ.

ಫೋಟೋದ ಮಧ್ಯದಲ್ಲಿ ದುಂಡಗಿನ ಬಿಳಿ ಕಲೆ ಬಂದರೆ ಅದು ಲೆನ್ಸಿನ ದೋಷ, ತೆಗೆದವರದ್ದಲ್ಲ. ಕೆಲವು ಲೆನ್ಸ್‌ಗಳು ಇನ್‌ಫ್ರಾರೆಡ್‌ಗೆ ಹೊಂದುವುದಿಲ್ಲ. ಎಫ್11, ಎಫ್16ರಲ್ಲಿ ಕಲೆ ಜಾಸ್ತಿಯಾಗುತ್ತದೆ, ಎಫ್5.6ಕ್ಕೆ ತಂದರೆ ಕಡಿಮೆಯಾಗಬಹುದು. ಇದನ್ನು ಊರಿಗೆ ಹೋಗುವ ಮೊದಲೇ ನೋಡಿಕೊಂಡಿರಬೇಕು.

ಮನೆಗೆ ಬಂದ ಮೇಲೆ

ಕ್ಯಾಮೆರಾದಿಂದ ಬಂದ 720ರ ಫೋಟೋ ಮೊದಲ ನೋಟಕ್ಕೆ ಕೆಂಪು ನೀರಿನಲ್ಲಿ ಅದ್ದಿದಂತಿರುತ್ತದೆ. ಇದೇ ಸರಿ, ಹೆದರಬೇಕಾಗಿಲ್ಲ. ಜಿಂಪ್‌ನಂಥ ಉಚಿತ ಸಾಫ್ಟ್‌ವೇರ್ ಸಾಕು. ಸುಲಭದ ದಾರಿ, ಕಪ್ಪು-ಬಿಳುಪಿಗೆ ತಿರುಗಿಸಿ ಕಾಂಟ್ರಾಸ್ಟ್ ಸ್ವಲ್ಪ ಏರಿಸುವುದು. ಬಣ್ಣ ಬೇಕಾದವರು ವೈಟ್ ಬ್ಯಾಲೆನ್ಸ್ ಸರಿಪಡಿಸಿ, ಕೆಂಪು ಮತ್ತು ನೀಲಿ ಚಾನೆಲ್‌ಗಳನ್ನು ಅದಲು ಬದಲು ಮಾಡುತ್ತಾರೆ. ಆಗ ಕಂದು ಆಕಾಶ ನೀಲಿಯಾಗಿ, ಎಲೆ ಬಿಳಿಯಾಗಿ ಉಳಿಯುತ್ತದೆ. ಆ ನೀಲಿ ನಿಜವಾದ ನೀಲಿಯಲ್ಲ, ಕೂಡಿಸಿದ ಬಣ್ಣ. ಇತರರಿಗೆ ಕಳಿಸುವಾಗ ಅದನ್ನು ಹೇಳಿಬಿಡುವುದು ನ್ಯಾಯ.

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಹೋಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಪೂರ್ತಿ ಅಳತೆಯಲ್ಲೇ ತಲುಪುತ್ತದೆ. ರಾ ಫೈಲುಗಳ ಒಂದು ಪ್ರತಿ ಊರಲ್ಲಿ, ಇನ್ನೊಂದು ಜೊತೆಗೆ.

ಅಮ್ಮನ ಫೋಟೋ ಇದರಲ್ಲಿ ಬೇಡ

ಇನ್‌ಫ್ರಾರೆಡ್ ಚರ್ಮದ ಮೇಲ್ಪದರ ದಾಟಿ ಸ್ವಲ್ಪ ಒಳಗೆ ಹೋಗಿ ಬರುತ್ತದೆ. ಮುಖ ಮೇಣ ಸವರಿದಂತೆ ನುಣುಪಾಗಿ, ಕಣ್ಣು ಕಪ್ಪು ಗುಂಡಿಯಂತೆ, ಕೈಯ ನರಗಳು ಎದ್ದು ಕಾಣುತ್ತವೆ. ವಯಸ್ಸಾದವರ ಮುಖದ ಗೆರೆಗಳೇ ಮಾಯ. ವರ್ಷಕ್ಕೊಮ್ಮೆ ನೋಡುವ ಮುಖ ಗೆರೆ ಸಮೇತ ಬೇಕು. ಮನೆಯವರ ಫೋಟೋಗೆ ಮಾಮೂಲಿ ಮೊಬೈಲೇ ಸರಿ.

ಈ ಕ್ಯಾಮೆರಾ ಬಟ್ಟೆಯ ಒಳಗೆ ನೋಡುತ್ತದೆ ಎಂಬ ಪುಕಾರು ಕೂಡ ಉಂಟು. ಎಕ್ಸ್‌-ರೇಯಂತೆ ಏನೂ ಇಲ್ಲ. ಕೆಲವು ಬಣ್ಣದ ರಾಸಾಯನಿಕಗಳು ಇನ್‌ಫ್ರಾರೆಡ್ಡನ್ನು ಹೀರುವುದಿಲ್ಲ, ಆದ್ದರಿಂದ ಕಪ್ಪು ಬಟ್ಟೆ ಬೂದು ಅಥವಾ ಬಿಳಿಯಾಗಿ ಕಾಣಬಹುದು. ತೀರಾ ತೆಳ್ಳಗಿನ ಸಿಂಥೆಟಿಕ್ ಬಟ್ಟೆ ಕಣ್ಣಿಗೆ ಕಾಣುವುದಕ್ಕಿಂತ ತೆಳುವಾಗಿ ಬರಲೂಬಹುದು. ಇದೇ ಕಾರಣಕ್ಕೆ ಜಾತ್ರೆ, ಬೀಚು, ಮದುವೆ ಮನೆಯಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಜನರ ಕಡೆ ತಿರುಗಿಸದಿರುವುದು ಮರ್ಯಾದೆ. ಕಾರ್ಕಳದ ಹತ್ತಿರದ ಅತ್ತೂರಿನಲ್ಲಿ ಜನವರಿಯ ಸಂತ ಲಾರೆನ್ಸ್ ಹಬ್ಬಕ್ಕೆ ಸೇರುವಂಥ ಜನಸಂದಣಿಯಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ.

ಬೆಳ್ಳಗಿದ್ದರೆ ಮರ ಆರೋಗ್ಯವಾಗಿದೆ ಎಂದಲ್ಲ

ಇಸ್ರೋದ ಭೂ ಸರ್ವೇಕ್ಷಣೆಯ ಉಪಗ್ರಹಗಳೂ ಇದೇ ಬೆಳಕನ್ನು ಬಳಸುತ್ತವೆ. 1988ರಲ್ಲಿ ಹಾರಿದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳಲ್ಲೇ ಸಮೀಪದ ಇನ್‌ಫ್ರಾರೆಡ್ ಪಟ್ಟಿ ಇತ್ತು. ಬೆಳೆ ಹೇಗಿದೆ, ಕಾಡು ಎಷ್ಟಿದೆ ಎಂದು ಲೆಕ್ಕ ಹಾಕುವಾಗ ಕೆಂಪು ಬೆಳಕು ಎಷ್ಟು ವಾಪಸ್ ಬಂತು, ಇನ್‌ಫ್ರಾರೆಡ್ ಎಷ್ಟು ಬಂತು ಎಂದು ಎರಡನ್ನೂ ಅಳೆದು ಹೋಲಿಸುತ್ತಾರೆ.

ಹವ್ಯಾಸದ ಕ್ಯಾಮೆರಾದಲ್ಲಿ ಆ ಹೋಲಿಕೆ ಇಲ್ಲ. ಎಲೆ ಬೆಳ್ಳಗೆ ಬಂದಿದೆಯೋ ಮಂಕಾಗಿದೆಯೋ ಎಂಬುದು ಬಿಸಿಲಿನ ಕೋನ, ಎಲೆಯ ದಪ್ಪ, ಹಿಂದಿರುವ ನೆರಳು ಎಲ್ಲದರ ಮೇಲೂ ನಿಂತಿರುತ್ತದೆ. ಹಳದಿಯಾದ ಎಲೆ ಕೂಡ ಇನ್‌ಫ್ರಾರೆಡ್‌ನಲ್ಲಿ ಚೆನ್ನಾಗಿಯೇ ಹೊಳೆಯಬಹುದು, ಏಕೆಂದರೆ ಹೊಳಪು ಬರುವುದು ಎಲೆಯ ಒಳ ರಚನೆಯಿಂದ, ಹಸಿರು ಬಣ್ಣದಿಂದ ಅಲ್ಲ. ಅಡಿಕೆಗೆ ಹಳದಿ ಎಲೆ ರೋಗವೋ ಎಲೆಚುಕ್ಕಿಯೋ ಎಂಬ ಸಂಶಯ ಇದ್ದವರು ಈ ಫೋಟೋ ನಂಬಿ ಕೂರಬಾರದು. ತೋಟಗಾರಿಕೆ ಇಲಾಖೆಯವರನ್ನು ಕರೆಸಿ ತೋರಿಸಬೇಕು. ದೂರದಲ್ಲಿದ್ದು ತೋಟ ನೋಡಿಕೊಳ್ಳುವವರಿಗೆ ಈ ಮಾತು ಮುಖ್ಯ, ಯಾಕಂದ್ರೆ ಅವರ ಕೈಗೆ ಸಿಗುವುದು ಫೋಟೋ ಮಾತ್ರ.

ಪ್ರತಿ ರಜೆಗೂ ಅದೇ ಕಲ್ಲು, ಅದೇ ಹೊತ್ತು

ಹಾಗಾದರೆ ಈ ಫೋಟೋ ಖಚಿತವಾಗಿ ಹೇಳುವುದು ಏನನ್ನು? ಎಲೆ ಇದೆಯೋ ಇಲ್ಲವೋ ಎಂಬುದನ್ನು. ಅಷ್ಟೇ, ಆದರೆ ಅದೇ ದೊಡ್ಡದು.

ಮಂಗಳೂರಿನ ಬಿಕರ್ನಕಟ್ಟೆಯಿಂದ ಕಾರ್ಕಳ ಹತ್ತಿರದ ಸಾಣೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 169ನ್ನು ಚತುಷ್ಪಥ ಮಾಡುವ ಕೆಲಸ ಶುರುವಾದ ಮೇಲೆ, ರಜೆಗೆ ಬಂದವರು ಬಸ್ಸಿನಲ್ಲಿ ಕೂತು ಹೊರಗೆ ನೋಡಿ, "ಇಲ್ಲಿ ದೊಡ್ಡ ಮರ ಒಂದು ಇತ್ತಲ್ಲ?" ಎಂದು ಕೇಳುವುದು ಸಾಮಾನ್ಯ. ಯಾವ ಮರ, ಎಲ್ಲಿ, ಎಷ್ಟು ಎಂದು ಹೇಳಲು ಯಾರ ಬಳಿಯೂ ಫೋಟೋ ಇರುವುದಿಲ್ಲ. ಮನುಷ್ಯರ ಫೋಟೋ ತೆಗೆಯುವವರು ಹಿಂದಿನ ಮರವನ್ನು ಬೇಕೆಂದು ತೆಗೆಯುವುದಿಲ್ಲ. ರಸ್ತೆ ಬೇಕೋ ಮರ ಬೇಕೋ ಎಂಬ ಚರ್ಚೆ ಊರವರದ್ದು. ಆದರೆ ಇದ್ದದ್ದು ಏನು ಎಂಬ ಲೆಕ್ಕ ಇರಬೇಕಾದದ್ದೇ.

ಅದಕ್ಕೆ ಕ್ರಮ ಸುಲಭ. ಮನೆಯ ಸುತ್ತಿನ ದಾರಿಯಲ್ಲಿ ಐದು ಜಾಗ ಗುರುತು ಮಾಡಬೇಕು: ಅಂಗಳದ ತುದಿ, ಬಾವಿಕಟ್ಟೆ, ಬಸ್ ಸ್ಟಾಪು, ಶಾಲೆಯ ಗೇಟು, ಗದ್ದೆಯ ಬದು. ಅಲುಗಾಡದ ವಸ್ತುವಿಗೆ ತಾಗಿ ನಿಲ್ಲಬೇಕು, ಮೈಲುಗಲ್ಲೋ ಕಟ್ಟೆಯ ಮೂಲೆಯೋ ಆದರೆ ಉತ್ತಮ. ಯಾವ ಲೆನ್ಸ್, ಎಷ್ಟು ಎತ್ತರ, ಯಾವ ದಿಕ್ಕು, ಎಷ್ಟು ಗಂಟೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ರಜೆಯಲ್ಲಿ ಅದೇ ತಿಂಗಳು, ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಬೇಕು. ಜೊತೆಗೆ ಮಾಮೂಲಿ ಬಣ್ಣದ ಫೋಟೋ ಒಂದು.

ಎರಡು ರಜೆಯ ಫೋಟೋ ಪಕ್ಕ ಪಕ್ಕ ಇಟ್ಟರೆ ಬಣ್ಣದ ಚಿತ್ರದಲ್ಲಿ ಕಣ್ಣು ತಪ್ಪಿಸಿಕೊಂಡದ್ದೂ ಇನ್‌ಫ್ರಾರೆಡ್‌ನಲ್ಲಿ ಎದ್ದು ಕಾಣುತ್ತದೆ. ಹೊಸ ಮನೆಯ ಹಸಿರು ಪೇಂಟ್, ಹಸಿರು ಶೇಡ್ ನೆಟ್ ಬಣ್ಣದ ಫೋಟೋದಲ್ಲಿ ಮರದ ಜೊತೆ ಬೆರೆತುಹೋಗುತ್ತವೆ. ಇಲ್ಲಿ ಅವು ಸಾಮಾನ್ಯವಾಗಿ ಎಲೆಯಿಂದ ಬೇರೆಯಾಗಿಯೇ ಕಾಣುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಸಿರು ಬಲೆಯ ಅಡಿಯಲ್ಲಿ ಅಡಗಿಸಿಟ್ಟ ಫಿರಂಗಿ, ಟ್ಯಾಂಕುಗಳನ್ನು ವಿಮಾನದಿಂದ ಕಂಡುಹಿಡಿಯಲು ಇನ್‌ಫ್ರಾರೆಡ್ ಫಿಲ್ಮ್ ಬಳಸಿದ್ದೂ ಇದೇ ಗುಣದಿಂದ. ಕಳೆದ ಸಲ ಬಿಳಿ ಗೋಪುರದಂತಿದ್ದ ಹಲಸಿನ ಜಾಗದಲ್ಲಿ ಈ ಸಲ ಕಪ್ಪು ಆಕಾಶ ಇದ್ದರೆ, ಮರ ಹೋಗಿದೆ. ಅದನ್ನು ಕಡಿದದ್ದೋ ಗಾಳಿಗೆ ಬಿದ್ದದ್ದೋ ಎಂದು ಮನೆಯವರನ್ನು ಕೇಳಬೇಕು. ಕೆಲವೊಮ್ಮೆ ಕಾರಣ, "ನೀನು ಕಳಿಸಿದ ದುಡ್ಡಲ್ಲಿ ಕಟ್ಟಿದ ಶೆಡ್ಡಿಗೆ ಅಡ್ಡ ಬರ್ತಿತ್ತು" ಎಂದೂ ಇರುತ್ತದೆ.

ಆ ಉತ್ತರ ಕೇಳಿದ ಮೇಲೆ ಮಾಡಬಹುದಾದ ಕೆಲಸವೂ ಉಂಟು. ಫೋಟೋದಲ್ಲಿ ಕಪ್ಪಾದ ಜಾಗದಲ್ಲೋ ಅದರ ಹತ್ತಿರವೋ ಒಂದು ಗಿಡ ನೆಟ್ಟು ಹೊರಡಬಹುದು. ನೀರು ಹಾಕಲು ಮನೆಯಲ್ಲಿ ಯಾರಾದರೂ ಒಪ್ಪಬೇಕು, ಜನವರಿಯಿಂದ ಮಳೆ ಬರುವವರೆಗೆ ನೀರಿಲ್ಲದೆ ಗಿಡ ಉಳಿಯುವುದಿಲ್ಲ. ಉಳಿದರೆ ಮುಂದಿನ ರಜೆಯ ಫೋಟೋದಲ್ಲಿ ಅದೇ ಜಾಗದಲ್ಲಿ ಸಣ್ಣದೊಂದು ಬಿಳಿ ಚುಕ್ಕೆ ಬಂದಿರುತ್ತದೆ.